ಪೂರ್ತಿ ಕಾಫಿ ಕುಡಿಯುವವನು

ಅವನು ಮೆನು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದ. ಮತ್ತೆ ಮೇಲಕ್ಕೆ ಹೋಗಿ ಮೊದಲ ಸಾಲಿನ ಮೇಲೆ ಕಣ್ಣು ನಿಲ್ಲಿಸಿದ.

"ಎಸ್ಪ್ರೆಸೊ ಒಂದು."

"ಸರ್, ಅದು ಸಣ್ಣ ಕಪ್‌ನಾಗೆ ಬರ್ತೈತೆ. ಹಾಲಿರಲ್ಲ. ಕಹಿ ಇರ್ತೈತೆ," ಎಂದಳು ಅಂಗಡಿಯಲ್ಲಿ ಕಾಫಿ ಮಾಡುವ ಮಂಗಳಾ. ಹೇಳದೆ ಕೊಟ್ಟರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೊನ್ನೆ ತೆಂಗಿನ ತೋಟದ ಮೂಡಲಗಿರಿಯಪ್ಪನವರು ಆ ಪುಟ್ಟ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ, "ಇದು ಸ್ಯಾಂಪಲ್ಲೇನವ್ವ? ಕಾಫಿ ಯಾವಾಗ ಬರ್ತೈತೆ?" ಎಂದು ಕೇಳಿದ್ದರು.

"ಕಹಿ ಇದ್ರೆ ಇರ್ಲಿ ಬಿಡ್ರಿ," ಎಂದ ಅವನು.

ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಒಬ್ಬನೇ ಕುಳಿತ. ಮೊದಲ ಗುಟುಕಿಗೆ ಒಂದು ಹುಬ್ಬು ಮೇಲಕ್ಕೆ ಹೋಯಿತು, ಇನ್ನೊಂದು ಅಲ್ಲೇ ಉಳಿಯಿತು. ಸಕ್ಕರೆ ಕೇಳಲಿಲ್ಲ. ಸೂಜಿ ಹಾಕಿಸಿಕೊಳ್ಳುವವನ ಹಾಗೆ ಉಸಿರು ಬಿಗಿ ಹಿಡಿದು ಕಪ್ ಖಾಲಿ ಮಾಡಿ, ಇವಳ ಕಡೆ ನೋಡಿ ತಲೆಯಾಡಿಸಿ ಹೋದ.

ಬಿಲ್ಲಿಂಗ್ ಕೌಂಟರಿನ ಫರ್ಹಾನಾ ಓಡಿ ಬಂದಳು. "ಲೇ ಮಂಗಳಾ, ನೋಡಿದ್ಯಾ? ಒಬ್ನೇ ಕುಂತು ಪೂರ್ತಿ ಕುಡ್ದ!"

"ಕುಡಿದ್ರೆ ಏನೀಗ?"

"ಹಿರಿಯೂರಾಗೆ ಯಾವನೇ ಒಬ್ನೇ ಪೂರ್ತಿ ಕಾಫಿ ಕುಡಿಯೋನು? ಕಂಪನಿಯೋನೇ ಇವ್ನು. ಬರೆದಿಟ್ಕೋ."

ಮಂಗಳಾಗೂ ಅದು ಸರಿ ಅನಿಸಿತು. ಈ ಊರಿನಲ್ಲಿ ಕಾಫಿ ಎಂದರೆ ಬೈಟು. ಒಂದು ಕಾಫಿ, ಎರಡು ಲೋಟ. ಜೊತೆಗೆ ಯಾರೂ ಇಲ್ಲದಿದ್ದರೆ ಪಕ್ಕದ ಬೆಂಚಿನವನನ್ನೇ "ಬರ್ರಿ, ಬೈಟು ಹೇಳಾಣ" ಎಂದು ಕರೆಯುತ್ತಾರೆ. ಈ ಹೆದ್ದಾರಿ ಪಕ್ಕದ ಅಂಗಡಿ ಶುರುವಾದಾಗ ಗಾಜಿನ ಬಾಗಿಲು, ಎ.ಸಿ., ಹೊಳೆಯುವ ಮಿಷನ್ನು ನೋಡಿಯೂ ಜನ ಕೇಳಿದ್ದು ಒಂದೇ ಮಾತು: "ಕ್ಯಾಪುಚಿನೊ, ಬೈಟು." ಕೊನೆಗೆ ಕಂಪನಿ 'ಒಂದು ಡ್ರಿಂಕ್, ಒಂದು ಕಪ್' ಎಂದು ಬೋರ್ಡ್ ಹಾಕಿಸಿತು. ಜನ ಬೋರ್ಡ್ ಓದಿದರು; ಮನೆಯಿಂದ ಸ್ಟೀಲ್ ಲೋಟ ತಂದರು.

ಅದೇ ಕಂಪನಿಯಿಂದ ಈಗ ಇನ್ನೊಂದು ಮೆಸೇಜ್ ಬಂದಿತ್ತು. ಮಾಮೂಲಿ ಗಿರಾಕಿಯ ವೇಷದಲ್ಲಿ ಒಬ್ಬರು ಬಂದು ರುಚಿ, ಸ್ವಚ್ಛತೆ, ನಡವಳಿಕೆ ನೋಡಿ ಮಾರ್ಕ್ಸ್ ಹಾಕುತ್ತಾರೆ. ಗುರುತು ಸಿಕ್ಕರೂ ಕೇಳಬಾರದು. ನಗಬೇಕು, ಹೆಸರು ಕೇಳಬೇಕು, ಡ್ರಿಂಕ್ ಬಗ್ಗೆ ಎರಡು ಮಾತು ಹೇಳಬೇಕು. ಹೆಚ್ಚು ಹರಟಬಾರದು. ಕೌಂಟರ್ ಬಿಟ್ಟು ಹೋಗಿ ಗಿರಾಕಿಯ ಜೊತೆ ಕೂರುವುದಂತೂ ದೊಡ್ಡ ತಪ್ಪು. ಒಳ್ಳೆಯ ಮಾರ್ಕ್ಸ್ ಬಂದರೆ ಚಿತ್ರದುರ್ಗದಲ್ಲಿ ತೆರೆಯಲಿರುವ ಹೊಸ ಅಂಗಡಿಗೆ ಮಂಗಳಾನೇ ಇನ್‌ಚಾರ್ಜ್. ಆದಿವಾಲದ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹಾಲು ಕಾಯಿಸುವ ಹುಡುಗಿಗೆ ಅದು ಸಣ್ಣ ಮಾತಲ್ಲ. ಅವಳಿಗೆ ಆ ಕೆಲಸ ಬೇಕಿತ್ತು, ಬೇಕು ಎಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ.

ಮರುದಿನ ಸಂಜೆ ಅವನು ಬೋರ್ಡಿನ ಎರಡನೇ ಸಾಲಿಗೆ ಇಳಿದಿದ್ದ. "ಅಮೆರಿಕಾನೊ."

"ನಿಮ್ಮ ಹೆಸರು ಸರ್?"

"ಹನುಮೇಶ್. ಇದರಾಗೆ ಏನೈತೆ?"

"ನಿನ್ನೆದೇ ಸರ್. ಅದಕ್ಕೆ ಬಿಸಿನೀರು ಬೆರೆಸ್ತೀವಿ."

"ಅಷ್ಟೇನಾ?"

"ಅಷ್ಟೇ."

"ಹೆಸರು ಮಾತ್ರ ವಿಮಾನ ಹತ್ತಿ ಬಂದಂಗೈತೆ."

ಮಂಗಳಾ ನಕ್ಕಳು. ಟ್ರೈನಿಂಗಿನಲ್ಲಿ ಹೇಳಿಕೊಟ್ಟ ನಗುವಲ್ಲ ಅದು. ಅದರಲ್ಲಿ ಹಲ್ಲು ಇಷ್ಟು ಕಾಣುವ ಹಾಗಿರಲಿಲ್ಲ.

ಹನುಮೇಶ ಚೆಲುವನೇನಲ್ಲ. ಬಿಸಿಲಿಗೆ ಕುತ್ತಿಗೆಯ ಹಿಂಭಾಗ ಕಪ್ಪಾಗಿತ್ತು. ಕಿವಿ ಸ್ವಲ್ಪ ದೊಡ್ಡವು. ಆದರೆ ಹೇಳಿದ್ದನ್ನು ಆ ಕಿವಿಗಳು ಪೂರ್ತಿ ಕೇಳುತ್ತಿದ್ದವು, ಮರುದಿನ ನೆನಪಿಟ್ಟುಕೊಂಡು ಬರುತ್ತಿದ್ದವು.

"ನಿನ್ನೆ ನೀರು. ಇವತ್ತು?"

"ಮಕಿಯಾಟೊ. ಎಸ್ಪ್ರೆಸೊ ಮೇಲೆ ಒಂದು ಚಮಚ ಹಾಲಿನ ನೊರೆ. ಬಿಳೀ ದೃಷ್ಟಿಬೊಟ್ಟು ಅಂದ್ಕಳ್ರಿ."

"ಕಾಫಿಗೆ ಯಾರ ದೃಷ್ಟಿ ತಾಗ್ತೈತೆ?"

"ದಿನಾ ಬಂದು ದಿಟ್ಟಿಸಿ ನೋಡೋರು ಇರ್ತಾರಲ್ಲ, ಅವರದ್ದು."

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಂಪನಿಯವನಿಗೆ ಹೀಗೆ ಹೇಳಬಹುದೇ? ಅವನು ಕೋಪಿಸಿಕೊಳ್ಳಲಿಲ್ಲ. ಕಿವಿ ಮಾತ್ರ ಕೆಂಪಾದವು.

"ಎಲ್ಲ ಬಿಟ್ಟು ಸಾಲಾಗಿ ಯಾಕೆ ಕುಡೀತೀರಿ?" ಎಂದು ಫರ್ಹಾನಾ ಕೇಳಿದ್ದಕ್ಕೆ ಅವನು ಗಂಭೀರವಾಗಿ, "ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು ನೋಡ್ರಿ. ಎರಡು ಬದಲಾಯಿಸಿದ್ರೆ ಯಾವುದ್ರಿಂದ ಏನಾಯ್ತು ಗೊತ್ತಾಗಲ್ಲ," ಎಂದ.

"ಕೇಳಿದ್ಯಾ?" ಎಂದು ಫರ್ಹಾನಾ ಮಂಗಳಾಳ ಪಕ್ಕೆ ತಿವಿದಳು. "ಪಕ್ಕಾ ಇನ್‌ಸ್ಪೆಕ್ಷನ್ ಭಾಷೆ!"

ಕ್ಯಾಪುಚಿನೊದ ದಿನ ಬಂತು. ಮಂಗಳಾ ಹಾಲಿನ ಜಗ್ಗನ್ನು ಹಬೆಯ ಕೊಳವೆಗೆ ಹಿಡಿದಳು. ಚುರ್ ಎಂಬ ಸದ್ದು ಮೆತ್ತಗಾಗಿ, ಹಾಲು ಹೊಳಪು ಬಂದು ಸುತ್ತತೊಡಗಿತು. ಕಪ್ಪನ್ನು ಓರೆ ಮಾಡಿ ಸುರಿಯುವಾಗ ಅವಳ ಕೈ ತಾನಾಗಿಯೇ ಹಾರ್ಟ್ ಕಡೆ ಹೊರಟಿತು. ಕೊನೆ ಗಳಿಗೆಯಲ್ಲಿ ಮಣಿಕಟ್ಟು ಅಲುಗಾಡಿಸಿ ಅದನ್ನು ಎಲೆ ಮಾಡಿದಳು.

ಅವನು ಕಪ್ಪನ್ನು ನೋಡಿದ. ಪಕ್ಕದ ಟೇಬಲ್ಲಿನಲ್ಲಿ ಮೂಡಲಗಿರಿಯಪ್ಪನವರ ಕಪ್ಪನ್ನೂ ನೋಡಿದ.

"ಆ ಯಜಮಾನ್ರಿಗೆ ಹಾರ್ಟು. ನಂಗೆ ಎಲೆ."

"ಎಲೆ ಕಷ್ಟ ಸರ್. ಹಾರ್ಟ್ ಸುಲಭ."

"ನಂಗೆ ಸುಲಭದ್ದೇ ಕೊಡ್ರಿ. ಎಲೆ ನೋಡಿ ನೋಡಿ ಸಾಕಾಗೈತೆ."

ಮೂಡಲಗಿರಿಯಪ್ಪನವರು ಮೀಸೆಯ ನೊರೆ ಒರೆಸಿಕೊಂಡರು. "ನಂದು ತಗಳಪ್ಪ. ನಂಗೆ ಈ ವಯಸ್ಸಿನಾಗೆ ಹಾರ್ಟು ಅಂದ್ರೆ ಬಿ.ಪಿ. ಮಾತ್ರೆನೇ ನೆನಪಾಗೋದು."

ಅಂಗಡಿಯೆಲ್ಲ ನಕ್ಕಿತು. ಆ ನಗುವಿನ ಮಧ್ಯೆ ಅವನು ಅವಳನ್ನು ನೋಡಿದ, ಅವಳು ಮಿಷನ್ ಒರೆಸಿದಳು. ಮಿಷನ್ ಆಗಲೇ ಸ್ವಚ್ಛವಾಗಿತ್ತು.

ಲಾಟೆ ಮುಗಿದ ಮರುದಿನ ಫ್ಲಾಟ್ ವೈಟ್. ಹೊರಗೆ ಬಿಸಿಲು ಇಳಿಯುತ್ತಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿ ಯಾರೂ ಇರಲಿಲ್ಲ.

"ನಿನ್ನೇದಕ್ಕೂ ಇದಕ್ಕೂ ನಂಗೆ ವ್ಯತ್ಯಾಸನೇ ಕಾಣ್ತಿಲ್ಲ," ಎಂದ ಹನುಮೇಶ.

ಮಂಗಳಾ ಕೌಂಟರ್ ದಾಟಿ ಹೋಗಿ ಅವನೆದುರು ಕುಳಿತೇಬಿಟ್ಟಳು. ಹಿಂದಿನಿಂದ ಫರ್ಹಾನಾ ಕ್ಷಯ ಬಂದವಳ ಹಾಗೆ ಕೆಮ್ಮತೊಡಗಿದಳು.

"ಲಾಟೆನಾಗೆ ಹಾಲು ಜಾಸ್ತಿ. ಕಾಫಿ ಹಾಲೊಳಗೆ ಹೋಗಿ ಬೆಚ್ಚಗೆ ಮಲಗಿಬಿಡ್ತೈತೆ. ಕ್ಯಾಪುಚಿನೊದಾಗೆ ನೊರೆ ದಪ್ಪ, ಮೀಸೆಗೆ ಹತ್ತೋದು ಅದೇ. ಇದರಾಗೆ ಹಾಲು ಕಮ್ಮಿ, ನೊರೆ ತೆಳ್ಳಗೆ. ಕಾಫಿ ಮಾತು ಜೋರಾಗಿ ಕೇಳ್ತೈತೆ. ಕಣ್ಣು ಮುಚ್ಕಂಡು ಕುಡೀರಿ."

ಅವನು ಕಣ್ಣು ಮುಚ್ಚಿಕೊಂಡ. ಅಷ್ಟು ಹೊತ್ತು ಅವಳು ಅವನನ್ನು ಧಾರಾಳವಾಗಿ ನೋಡಿದಳು. ರೆಪ್ಪೆ ಉದ್ದ ಇದ್ದವು. ಗಂಡಸರಿಗೆ ಯಾಕೆ ಬೇಕು ಇಂಥ ರೆಪ್ಪೆ, ದಂಡ, ಅಂದುಕೊಂಡಳು.

"ಹೌದು, ಕೇಳ್ತೈತೆ," ಎಂದ ಅವನು. "ಮನೇಲಿ ಅಮ್ಮ ಫಿಲ್ಟರ್ ಹಾಕ್ತಾಳಲ್ಲ, ಅದಕ್ಕೂ ಇದಕ್ಕೂ?"

"ಅಲ್ಲಿ ನೀರು ತನ್ನ ಪಾಡಿಗೆ ತಾನು ತೊಟ್ಟಿಕ್ಕಂತಾ ಇಳೀತೈತೆ. ಇಲ್ಲಿ ಮಿಷನ್ ಒತ್ತಿ ಒತ್ತಿ ಅರ್ಧ ನಿಮಿಷದಾಗೆ ಹೊರಗೆ ತೆಗೀತೈತೆ."

"ಪೊಲೀಸ್ ಸ್ಟೇಷನ್ನಾಗೆ ನಿಜ ಹೇಳಿಸಿದಂಗೆ."

"ಹಂಗೇ."

"ನಾನು ಫಿಲ್ಟರ್ ಥರ. ನಿಧಾನಕ್ಕೇ ಇಳಿಯೋದು."

"ಏನು ಇಳಿಯೋದು?"

ಅವನು ಕಪ್ಪಿನೊಳಗೆ ನೋಡಿದ. "ಮಾತು."

ಅವನು ಹೋದ ಮೇಲೆ ಫರ್ಹಾನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ತಲೆ ನೆಟ್ಟಗೈತಾ ನಿಂಗೆ? ಇನ್‌ಸ್ಪೆಕ್ಟರ್ ಮುಂದೆನೇ ಹೋಗಿ ಕುಂತ್ಯಲ್ಲೇ! ದುರ್ಗ ಮರೆತುಬಿಡು."

ಮಂಗಳಾ ಅವನ ಕಪ್ ತೊಳೆಯತೊಡಗಿದಳು. ಕೌಂಟರ್ ದಾಟುವಾಗ ಮಾರ್ಕ್ಸ್ ನೆನಪಿರಲಿಲ್ಲ ಎಂದೇನಲ್ಲ. ಚೆನ್ನಾಗಿ ನೆನಪಿತ್ತು. ನೆನಪಿದ್ದೂ ದಾಟಿದ್ದಳು. ಅದೇ ಅವಳಿಗೆ ಭಯ ಹುಟ್ಟಿಸಿದ್ದು.

ಸೋಮವಾರ ರಿಪೋರ್ಟ್ ಬಂತು. ಫರ್ಹಾನಾ ಮೊಬೈಲ್ ಹಿಡಿದು ಕುಣಿದಳು. ಮಂಗಳಾಗೆ ಒಳ್ಳೆಯ ಮಾರ್ಕ್ಸ್. ಮುಂದಿನ ವಾರದಿಂದಲೇ ಚಿತ್ರದುರ್ಗ. ಆದರೆ ಪರೀಕ್ಷೆಗೆ ಬಂದಿದ್ದವರು ಒಬ್ಬ ಹೆಂಗಸು! ಮೊನ್ನೆ ಮಗು ಎತ್ತಿಕೊಂಡು ಬಂದು ಹಾಟ್ ಚಾಕಲೇಟ್ ಕೇಳಿದ್ದರಲ್ಲ, ಮಗು ಗಾಜಿಗೆಲ್ಲ ಕೈ ಬಳಿದಿತ್ತಲ್ಲ, ಮಂಗಳಾ ನಗುತ್ತಲೇ ಒರೆಸಿದ್ದಳಲ್ಲ, ಅವರೇ.

"ಹಂಗಾದ್ರೆ ಇವ್ನ್ಯಾರೇ?" ಎಂದಳು ಫರ್ಹಾನಾ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅವನೇ ಬಂದ. "ಇವತ್ತು ಮೋಕಾ. ಚಾಕಲೇಟ್ ಇರ್ತೈತಂತಲ್ಲ, ಕೊನೆಗೂ ಸಿಹಿ!"

"ಸರ್, ನೀವು ಕಂಪನಿಯೋರಲ್ವಾ?" ಎಂದು ಫರ್ಹಾನಾ ಕೇಳಿಯೇಬಿಟ್ಟಳು.

"ಯಾವ ಕಂಪನಿ?"

ಫರ್ಹಾನಾ ಹೊಟ್ಟೆ ಹಿಡಿದು ನಗುತ್ತಾ ಎಲ್ಲ ಹೇಳಿದಳು. ಇನ್‌ಸ್ಪೆಕ್ಟರ್, ಮಾರ್ಕ್ಸ್, ದುರ್ಗದ ಕೆಲಸ, ನಗಬೇಕೆಂಬ ರೂಲು, ಪೂರ್ತಿ ಕಾಫಿ, ಒಂದನ್ನೂ ಬಿಡಲಿಲ್ಲ. ಮಂಗಳಾ ಮೋಕಾ ಮಾಡಿ ಅವನ ಮುಂದಿಡುತ್ತಾ ಕಣ್ಣಲ್ಲೇ ಬೇಡ ಬೇಡ ಎಂದಳು; ಫರ್ಹಾನಾಗೆ ಕಾಣಲಿಲ್ಲ.

ಹನುಮೇಶನೂ ನಕ್ಕ. ನಕ್ಕು ಸ್ವಲ್ಪ ಹೊತ್ತಾದ ಮೇಲೆ, "ಓ. ಇಷ್ಟು ದಿನ ಅದಕ್ಕಾ ಹಂಗೆ ಮಾತಾಡಿಸಿದ್ದು?" ಎಂದ. ತಮಾಷೆಯ ಮಾತಿನಂತೆಯೇ ಇತ್ತು, ದನಿ ಮಾತ್ರ ಹಾಗಿರಲಿಲ್ಲ.

ಮಂಗಳಾ ಬಾಯಿ ತೆರೆಯುವಷ್ಟರಲ್ಲಿ ಒಂದು ಟೂರಿಸ್ಟ್ ಬಸ್ಸಿನ ಜನವೆಲ್ಲ ಒಟ್ಟಿಗೆ ನುಗ್ಗಿದರು. ಅವಳು ತಲೆ ಎತ್ತಿದಾಗ ಕಿಟಕಿ ಪಕ್ಕದ ಟೇಬಲ್ ಖಾಲಿ. ಮೋಕಾ ಅರ್ಧ ಉಳಿದಿತ್ತು. ಅವನು ಕಪ್ಪಿನಲ್ಲಿ ಏನನ್ನಾದರೂ ಬಿಟ್ಟು ಹೋದದ್ದು ಅದೇ ಮೊದಲು.

ಮರುದಿನ ಬರಲಿಲ್ಲ. ಅದರ ಮರುದಿನವೂ. ಬೋರ್ಡಿನ ಕಾಫಿಗಳಲ್ಲಿ ಅವನಿಗೆ ಒಂದೇ ಸಾಲು ಬಾಕಿ ಇತ್ತು: ಅಫೊಗಾಟೊ, ಐಸ್‌ಕ್ರೀಮಿನ ಮೇಲೆ ಬಿಸಿ ಎಸ್ಪ್ರೆಸೊ ಸುರಿಯುವುದು. ಯಾರಾದರೂ ಅದನ್ನು ಕೇಳಿದರೆ ಮಂಗಳಾಗೆ ಸಿಟ್ಟು ಬರುತ್ತಿತ್ತು.

"ಏನವ್ವ, ಮುಖ ಹಾಲಿಲ್ಲದ ಕಾಫಿ ಆಗೈತೆ?" ಎಂದರು ಮೂಡಲಗಿರಿಯಪ್ಪನವರು. "ಆ ಹುಡುಗ ಬಂದಿಲ್ಲ ಅಂತಾನಾ? ಅವ್ನು ಬಬ್ಬೂರು ಕೃಷಿ ಸಂಶೋಧನೆ ಫಾರಂನೋನು. ನಮ್ಮ ತೆಂಗಿಗೆ ಎಲೆ ರೋಗ ಬಂದಾಗ ಅವ್ನೇ ಬಂದು ನೋಡಿದ್ದು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಯಜಮಾನ್ರೇ?"

"ನೀವ್ಯಾರು ಕೇಳಿದ್ರಿ?"

ರಜೆಯ ದಿನ ಮಂಗಳಾ ಆಟೋ ಹತ್ತಿ ಬಬ್ಬೂರಿಗೆ ಹೋದಳು. ಫಾರಂ ಗೇಟಿನ ಎದುರು ಯಲ್ಲಕ್ಕನ ಗೂಡಂಗಡಿ. ಅದರ ಬೆಂಚಿನ ಮೇಲೆ ಹನುಮೇಶ, ಪ್ಯಾಂಟಿಗೆ ಕೆಮ್ಮಣ್ಣು ಮೆತ್ತಿಕೊಂಡು ಕುಳಿತಿದ್ದ. ಕೈಯಲ್ಲಿ ಗಾಜಿನ ಲೋಟ. ಲೋಟದಲ್ಲಿ ಟೀ.

"ನೀವು ಟೀ ಕುಡಿಯೋರಾ?" ಎಂದಳು ಮಂಗಳಾ. ಬೇರೆ ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಅದೆಲ್ಲ ಹಾರಿಹೋಯಿತು.

ಅವನು ಎದ್ದು ನಿಂತ, ಲೋಟವನ್ನು ಬೆನ್ನ ಹಿಂದೆ ಇಟ್ಟುಕೊಂಡ. "ನಂಗೆ ಕಾಫಿ ಸೇರಲ್ಲ."

"ಸೇರಲ್ವಾ! ಹಂಗಾದ್ರೆ ಆ ಎಸ್ಪ್ರೆಸೊ?"

"ಅವತ್ತು ಕಣ್ಣು ಮುಚ್ಚಲೇ ಇಲ್ಲ. ಬೆಳಗ್ಗೆ ಅಮ್ಮ ಜ್ವರ ಬಂದೈತಾ ಅಂತ ಹಣೆ ಮುಟ್ಟಿ ನೋಡಿದ್ಲು."

"ಮತ್ಯಾಕೆ ಕುಡಿದ್ರಿ?"

"ಸುಮ್ನೆ ಬಂದು ನಿಂತ್ರೆ ಮಾತಾಡ್ಸಕ್ಕೆ ಆಗ್ತೈತಾ? ಬೋರ್ಡ್‌ನಾಗೆ ಎಷ್ಟು ಹೆಸರು ಅವೆಯೋ ಅಷ್ಟು ಸಂಜೆ ಸಿಗ್ತಾವೆ ಅಂತ ಲೆಕ್ಕ ಹಾಕ್ದೆ." ಅವನು ನೆಲ ನೋಡಿದ. "ನೀವು ಬೇರೆ ಲೆಕ್ಕದಾಗೆ ಇದ್ರಿ. ಹೋಗ್ಲಿ ಬಿಡ್ರಿ, ತಪ್ಪೇನಿಲ್ಲ. ನಿಮ್ಮ ಕೆಲಸ ಅದು."

"ನಿಂತ್ಕಳ್ರಿ, ನಂದೂ ಕೇಳ್ರಿ," ಎಂದಳು ಮಂಗಳಾ. "ಕೌಂಟರ್ ಬಿಟ್ಟು ಬರಬಾರ್ದು, ಗಿರಾಕಿ ಜೊತೆ ಕೂರಬಾರ್ದು, ಎರಡು ಮಾತಿಗಿಂತ ಜಾಸ್ತಿ ಆಡಬಾರ್ದು. ಇದು ಕಂಪನಿ ರೂಲು. ನೀವೇ ಇನ್‌ಸ್ಪೆಕ್ಟರ್ ಅಂತ ನಂಬಿದ್ದೆ. ನಂಬ್ಕಂಡೂ ನಿಮ್ಮ ಎದುರಿಗೇ ಬಂದು ಕುಂತೆ. ಮಾರ್ಕ್ಸ್ ಬೇಕಾಗಿದ್ರೆ ಯಾರಾದ್ರೂ ಹಂಗೆ ಮಾಡ್ತಾರಾ?"

ಹನುಮೇಶ ಯೋಚಿಸಿದ. ಅವನ ಯೋಚನೆ ಕಿವಿಗಳಲ್ಲಿ ಕಾಣುತ್ತಿತ್ತು. ಅಂಚಿನಿಂದ ನಿಧಾನಕ್ಕೆ ಕೆಂಪಾದವು.

"ಇನ್ನೊಂದು," ಎಂದಳು ಅವಳು. "ಅವತ್ತು ಕೈ ಹಾರ್ಟ್‌ಗೇ ಹೋಗಿತ್ತು. ಗೊತ್ತಾಗಿಬಿಡ್ತೈತೆ ಅಂತ ಎಲೆ ಮಾಡ್ದೆ."

"ಎಲ್ರಿಗೂ ಹಾಕ್ತೀರಲ್ಲ ಹಾರ್ಟು?"

"ಎಲ್ರಿಗೂ ಹಾಕೋವಾಗ ಮುಚ್ಚಿಡಕ್ಕೆ ಏನೂ ಇರಲ್ಲ."

ಯಲ್ಲಕ್ಕ ಸ್ಟೌವ್ ಪಂಪ್ ಮಾಡುವುದನ್ನು ನಿಲ್ಲಿಸಿದ್ದಳು. "ಏನಪ್ಪ, ನಿಂತೇ ಇರ್ತೀಯಾ? ಕುಂತ್ಕಳವ್ವ ನೀನು. ಏನು ಕೊಡ್ಲಿ?"

ಮಂಗಳಾ ಬೆಂಚಿನ ಮೇಲೆ ಕುಳಿತಳು. "ಒಂದು ಕಾಫಿ ಅಕ್ಕ. ಬೈಟು."

"ಅವ್ನು ಟೀ ಗಿರಾಕಿ."

"ಇರ್ಲಿ ಯಲ್ಲಕ್ಕ, ಬೈಟು ಕೊಡು," ಎಂದ ಹನುಮೇಶ, ಕುಳಿತುಕೊಳ್ಳುತ್ತಾ. ಆಮೇಲೆ ತಗ್ಗಿದ ದನಿಯಲ್ಲಿ, "ದುರ್ಗದಾಗೂ ಇದೇ ಬೋರ್ಡಾ?"

"ಇದೇ ಬೋರ್ಡು."

"ಅಂದ್ರೆ ಮತ್ತೆ ಎಸ್ಪ್ರೆಸೊದಿಂದ ಶುರು ಮಾಡ್ಬೇಕಾ?"

"ಹಾಟ್ ಚಾಕಲೇಟ್ ಐತೆ. ಅದರಾಗೆ ಕಾಫಿ ಇರಲ್ಲ."

"ದೇವ್ರು ದೊಡ್ಡೋನು."

ಯಲ್ಲಕ್ಕ ಎತ್ತರದಿಂದ ಸುರಿದಳು. ಎಲೆಯಿಲ್ಲ, ಹಾರ್ಟಿಲ್ಲ, ನಾಲ್ಕು ದೊಡ್ಡ ಗುಳ್ಳೆ ಎದ್ದು ಒಡೆದವು. ಅವಳ ಬೈಟು ಯಾವತ್ತೂ ಸಮ ಬಂದಿದ್ದಿಲ್ಲ. ಇವತ್ತೂ ಒಂದು ಲೋಟ ತುಂಬಿತ್ತು, ಇನ್ನೊಂದು ಅರ್ಧಕ್ಕೂ ಕಮ್ಮಿ. ಹನುಮೇಶ ತುಂಬಿದ ಲೋಟವನ್ನು ಮೆಲ್ಲಗೆ ಮಂಗಳಾಳ ಕಡೆ ಸರಿಸಿದ.

ಅವಳು ಲೋಟ ನೋಡಿದಳು, ಅವನನ್ನು ನೋಡಿದಳು. "ಇದು ನನ್ನ ಮೇಲಿನ ಪ್ರೀತಿಗೋ, ಕಾಫಿ ಸೇರಲ್ಲ ಅಂತಲೋ?"

"ಎರಡಕ್ಕೂ," ಎಂದ ಅವನು.