ಶಾಲೆಯ ಗಂಟೆ ಕೇಳಿಸುವ ಕೋಣೆ

"ದೊಡ್ಡವರು ಎಷ್ಟು ಜನ?"

"ಇಬ್ಬರು," ಎಂದರು ಗಂಡ ಹೆಂಡತಿ, ಒಂದೇ ಉಸಿರಿಗೆ.

"ಮಕ್ಕಳು?"

"ಒಂದು," ಎಂದಳು ಅವಳು.

"ಇಲ್ಲ," ಎಂದ ಅವನು.

ಎರಡು ಮಾತೂ ಒಟ್ಟಿಗೇ ಮೇಜಿನ ಮೇಲೆ ಬಿದ್ದವು. ಪ್ರವಾಸದ ಕಚೇರಿಯ ಹೆಂಗಸು ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿದಳು. ಇಪ್ಪತ್ತು ವರ್ಷದಿಂದ ಅವಳು ಆ ಮೇಜಿನ ಹಿಂದೆ ಕೂತಿದ್ದಾಳೆ. ಬೆಟ್ಟವೋ ಸಮುದ್ರವೋ ಎಂದು ಜಗಳವಾಡಿದವರನ್ನು ನೋಡಿದ್ದಾಳೆ. ಅತ್ತೆಯನ್ನು ಕರೆದೊಯ್ಯುವುದೋ ಬಿಡುವುದೋ ಎಂದು ಮುನಿಸಿಕೊಂಡು ಎದ್ದುಹೋದವರನ್ನೂ ನೋಡಿದ್ದಾಳೆ. ಆದರೆ ತಮಗೆ ಮಕ್ಕಳೆಷ್ಟು ಎಂಬ ಬಗ್ಗೆಯೇ ಭಿನ್ನಾಭಿಪ್ರಾಯ ಇರುವ ದಂಪತಿಯನ್ನು ನೋಡಿದ್ದು ಇದೇ ಮೊದಲು!

"ಅಭ್ಯಾಸಬಲ..." ಹೆಂಡತಿಯ ಕಿವಿಗಳು ಕೆಂಪಾಗಿದ್ದವು. "ಮಕ್ಕಳಿಲ್ಲ. ನಾವಿಬ್ಬರೇ."

ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಮಕ್ಕಳೇ ಇರದಂಥ ಜಾಗ ಬೇಕು ನಮಗೆ. ದೊಡ್ಡವರಿಗೆ ಮಾತ್ರ ಅಂತ ಇರ್ತವಲ್ಲ, ಅಂಥದ್ದು. ಹೊರದೇಶ ಬೇಡ, ಇಲ್ಲೇ ನಮ್ಮ ದೇಶದೊಳಗೆ. ಐದು ದಿನ."

ಅವಳು ಮೆಲ್ಲನೆ ತಿರುಗಿ ಗಂಡನ ಮುಖ ನೋಡಿದಳು.

ಮಕ್ಕಳೇ ಇರದಂಥ ಜಾಗ! ಕೊನೆಗೂ ಬಾಯಿಬಿಟ್ಟು ಹೇಳಿಯೇಬಿಟ್ಟರಲ್ಲ...

ಅವನು ಕನ್ನಡಕದವನು. ಕಣ್ಣು ಪರೀಕ್ಷಿಸಿ, ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿಕೊಡುವ ಸಣ್ಣ ಅಂಗಡಿ ಅವನದು. ಅವಳು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುವವಳು. ಹದಿಮೂರು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸಲಾಗದೆ ಅವನ ಅಂಗಡಿಗೆ ಹೋಗಿದ್ದಳು. ಅವನು ಒಂದು ಗಾಜು ಇಟ್ಟು, ತೆಗೆದು, ಇನ್ನೊಂದು ಇಟ್ಟು ಕೇಳಿದ್ದ:

"ಇದು ಚೆನ್ನಾಗಿ ಕಾಣುತ್ತಾ... ಇದಾ?"

"ಎರಡೂ ಒಂದೇ."

ಕನ್ನಡಕದವರಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಮುಕ್ಕಾಲು ಗಂಟೆ ಗಾಜು ಬದಲಿಸಿದ. ಅವಳು ಅದನ್ನೇ ಹೇಳಿದಳು. ಮರುದಿನವೂ ಬರಹೇಳಿದ, ಅದರ ಮರುದಿನವೂ. ಮೂರನೆಯ ದಿನ ಗಾಜುಗಳ ಪೆಟ್ಟಿಗೆ ಮುಚ್ಚಿ ಒಪ್ಪಿಕೊಂಡ: "ನಿಮ್ಮ ನಂಬರ್ ಮೊದಲ ದಿನವೇ ಸಿಕ್ಕಿತ್ತು. ಸುಳ್ಳು ಹೇಳಿ ಕರೆಸ್ಕೊಂಡೆ." ಅವಳೂ ಒಪ್ಪಿಕೊಂಡಳು: "ನನಗೂ ಮೊದಲ ದಿನವೇ ಕಂಡಿತ್ತು."

ಮದುವೆಯಾದ ಮೇಲೂ ಅವನ ವೃತ್ತಿದೋಷ ಹೋಗಲಿಲ್ಲ. ಏನು ಕೇಳಿದರೂ ಜೋಡಿಯಾಗಿಯೇ ಕೇಳುತ್ತಿದ್ದ. ಕಿಟಕಿ ತೆಗೀಲಾ, ಹಾಕ್ಲಾ? ನೀಲಿದಾ, ಹಸಿರಾ?

ಮಕ್ಕಳಾಗಲಿಲ್ಲ. ಆ ವಿಷಯದಲ್ಲಿ ವೈದ್ಯರು ಯಾವ ಆಯ್ಕೆಯನ್ನೂ ಮುಂದಿಡಲಿಲ್ಲ.

ನಾಲ್ಕು ವರ್ಷದ ಹಿಂದೆ ಅವನ ತಂಗಿ ಹಾಸಿಗೆ ಹಿಡಿದಳು. ಎದ್ದು ಕೂರಲೂ ಆಗದ ಕಾಯಿಲೆ. ಗಂಡ ಎನ್ನುವವನು ಮೊದಲೇ ಬಿಟ್ಟುಹೋಗಿದ್ದ. ಎರಡು ವರ್ಷದ ಮಗಳು ಇವರ ಮನೆಗೆ ಬಂದಳು. ಚಿಟಿಕೆಯಷ್ಟಿದ್ದಳೆಂದು ಚಿಟಿಕೆ ಎಂದೇ ಕರೆದರು. ಅವನು ಮಾಮ, ಇವಳು ಅತ್ತೆ. ಎಷ್ಟೇ ರಾಗವೆಳೆದು ಕರೆದರೂ, ಜ್ವರದಲ್ಲಿ ಕನವರಿಸಿ ಕರೆದರೂ ಅತ್ತೆ ಅತ್ತೆಯೇ. ಅಮ್ಮ ಆಗಲಿಲ್ಲ. ಅವಳೂ ಆಗಲು ಹೋಗಲಿಲ್ಲ. ಇನ್ನೊಬ್ಬರ ಪುಸ್ತಕಕ್ಕೆ ಬೆನ್ನು ಕಟ್ಟುವವಳಿಗೆ ಅದರ ಮೇಲೆ ತನ್ನ ಹೆಸರು ಬರೆಯಬಾರದೆಂದು ಗೊತ್ತಿತ್ತು.

ತಂಗಿ ಗುಣವಾದಳು. ಎರಡು ತಿಂಗಳ ಹಿಂದೆ ತನ್ನ ಕಾಲಮೇಲೆ ತಾನೇ ನಡೆದುಕೊಂಡು ಬಂದು ಮಗಳನ್ನು ಕರೆದೊಯ್ದಳು. ಸಂತೋಷಪಡಬೇಕಾದ ದಿನ. ಎಲ್ಲರೂ ಸಂತೋಷಪಟ್ಟರು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ..." ಬಾಗಿಲಲ್ಲಿ ನಿಂತು ತಂಗಿ ಕೈ ಹಿಡಿದುಕೊಂಡಿದ್ದಳು. "ಒಂದು ಮೂರು ತಿಂಗಳು ಆ ಕಡೆ ಬರಬೇಡಿ. ಅವಳ ಹತ್ರ ಫೋನಲ್ಲಿ ಮಾತಾಡೋದೂ ಬೇಡ. ನೀವು ಎದುರಿಗಿದ್ರೆ ಅವಳು ನನ್ನ ಹತ್ರ ಬರೋದೇ ಇಲ್ಲ."

ಸರಿಯಾದ ಮಾತು. ಸರಿಯಾದ ಮಾತುಗಳಿಗೇ ಹರಿತ ಹೆಚ್ಚು.

ಮೂರನೆಯ ದಿನ ಅವಳು ಕೆಲಸ ಮುಗಿಸಿ ಮನೆಗೆ ಬಂದಾಗ ಚಿಟಿಕೆಯ ಮಂಚ ಇರಲಿಲ್ಲ. ನೆಲದ ಮೇಲೆ ನಾಲ್ಕು ಕಾಲುಗಳ ಗುರುತು ಮಾತ್ರ.

"ಮಂಚ ಎಲ್ಲಿ?"

"ತೆಗೆದುಬಿಟ್ಟೆ. ಸುಮ್ನೆ ಜಾಗ ಕಟ್ಟಿತ್ತು."

ಅಷ್ಟೇ! ನಾಲ್ಕು ವರ್ಷ ಮೂರೇ ದಿನಕ್ಕೆ ಬಿಚ್ಚಿಹೋಯಿತು. ಅವಳು ಮತ್ತೆ ಕೇಳಲಿಲ್ಲ. ಅವನು ಹೇಳಲಿಲ್ಲ.

ಅವಳ ಚೀಲದಲ್ಲಿ ಈಗ ಒಂದು ಕಾಗದವಿತ್ತು. ದೂರದ ಊರಿನ ಗ್ರಂಥಾಲಯಕ್ಕೆ ವರ್ಗ. ಒಪ್ಪಿಗೆ, ಒಪ್ಪಿಗೆ ಇಲ್ಲ ಎಂಬ ಎರಡು ಚೌಕಗಳು. ಮಂಗಳವಾರ ಸಂಜೆಯೊಳಗೆ ಒಂದರಲ್ಲಿ ಗುರುತು ಹಾಕಬೇಕು. ಅವನಿಗೆ ಅವಳು ಇದನ್ನು ಹೇಳಿರಲಿಲ್ಲ. ಪ್ರವಾಸ ಹೋಗೋಣ ಎಂದು ಅವನೇ ಎತ್ತಿದಾಗ, 'ನೋಡೋಣ... ಏನನ್ನು ಆರಿಸುತ್ತಾರೋ ನೋಡಿ ಗುರುತು ಹಾಕೋಣ' ಎಂದುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ತುಂಬ ಪ್ರವಾಸದ ಕಚೇರಿಯಿಂದ ತಂದ ಬಣ್ಣದ ಹಾಳೆಗಳು.

"ಬೆಟ್ಟಾನಾ, ಕೆರೆನಾ?"

"ಕೆರೆ ಆಳ ಇದ್ದಂಗಿದೆ," ಎಂದಳು.

"ನಾವು ದಡದಲ್ಲಿ ಕೂತಿರ್ತೀವಿ. ಸರಿ, ಬೆಟ್ಟ. ಈ ಬಾಲ್ಕನಿ ನೋಡು."

"ಕಂಬಿಗಳ ಮಧ್ಯೆ ಸಂದಿ ದೊಡ್ಡದು."

"ನಾವು ಸಂದೀಲಿ ಬೀಳಲ್ಲ ಕಣೇ!"

ಇಬ್ಬರೂ ಹಾಳೆಗಳನ್ನೇ ನೋಡುತ್ತ ಕೂತರು. ನಾಲ್ಕು ವರ್ಷ ಅವರು ಜಗತ್ತನ್ನು ಮೂರಡಿ ಎತ್ತರದಿಂದ ನೋಡಿದ್ದರು. ಮೆಟ್ಟಿಲು ಎಷ್ಟು, ಆಸ್ಪತ್ರೆ ಎಷ್ಟು ದೂರ, ಹಾಲು ಬಿಸಿಮಾಡಿಕೊಡುತ್ತಾರಾ? ದೊಡ್ಡವರಿಗೆ ಏನು ಇಷ್ಟ ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಅವನು ಇನ್ನೊಂದು ಹಾಳೆ ಮುಂದೆ ತಳ್ಳಿದ. "ಇದು ನೋಡು. ಹದಿನೆಂಟು ತುಂಬದವರನ್ನ ಗೇಟಿನ ಒಳಗೇ ಬಿಡಲ್ವಂತೆ."

ಅವಳು ಹಾಳೆಯನ್ನು ಹಿಂದಕ್ಕೆ ತಳ್ಳಿದಳು.

"ನಿಮಗೆ ಹಗುರ ಆಗಿದೆ, ಅಲ್ವಾ?"

"ಏನು?"

"ಅವಳು ಹೋಗಿದ್ದು!"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಮಾತು ಸಿಗದಾಗ ಅವನು ಮಾಡುವ ಕೆಲಸ ಅದು.

"ಜಾಗ ನೀನೇ ಆರಿಸು," ಎಂದು ಎದ್ದು ಒಳಗೆ ಹೋದ.

'ಆರಿಸಿಯಾಯಿತು' ಎಂದುಕೊಂಡಳು ಅವಳು, ಚೀಲದ ಕಾಗದ ನೆನೆದು.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಒಬ್ಬಳೇ ಪ್ರವಾಸದ ಕಚೇರಿಗೆ ಹೋದಳು. ಕೈಗೆ ಹತ್ತಿದ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

"ನಮ್ಮ ಪ್ರವಾಸ ಬೇಡ ಅಂತ ಹೇಳೋಕೆ ಬಂದೆ."

ಕಚೇರಿಯ ಹೆಂಗಸು ಡಬ್ಬಿಯ ಮುಚ್ಚಳ ಹಾಕಿ ಬಾಯಿ ಒರೆಸಿಕೊಂಡಳು. "ಬೇಡ್ವಾ? ಅಲ್ಲಮ್ಮಾ, ನಿಮ್ಮ ಯಜಮಾನರು ಇವತ್ತು ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಬಂದು ಮೆಟ್ಟಿಲ ಮೇಲೆ ಕೂತಿದ್ರು! ಹದಿನೇಳು ಹೋಟೆಲಿಗೆ ಫೋನ್ ಮಾಡಿಸಿದ್ರು ನನ್ನ ಕೈಲಿ. ಹದಿನೇಳು!"

"ಯಾಕೆ?"

"ಅದನ್ನ ನಾನು ನಿಮ್ಮನ್ನ ಕೇಳಬೇಕು. ಊಟ ಹೇಗೆ, ಹಾಸಿಗೆ ಹೇಗೆ, ಒಂದೂ ಕೇಳಲಿಲ್ಲ ಪುಣ್ಯಾತ್ಮ. ಉಯ್ಯಾಲೆ ಇದೆಯಾ? ಹತ್ತಿರ ಶಾಲೆ ಇದೆಯಾ? ಶಾಲೆ ಗಂಟೆ ಹೊಡೆದ್ರೆ ರೂಮಿಗೆ ಕೇಳಿಸುತ್ತಾ? ಆ ಕಡೆಯವರು, ಇದ್ಯಾವ ಗಿರಾಕಿ ಅಂತ ನಗ್ತಿದ್ರು. ನಾನೂ ಕೇಳಿದೆ, ಏನ್ಸಾರ್, ಮಕ್ಕಳು ಕಂಡ್ರೆ ನಿಮಗೆ ಅಷ್ಟು ಆಗಲ್ವಾ ಅಂತ."

"ಏನಂದ್ರು?"

ಹೆಂಗಸಿನ ದನಿ ಇಳಿಯಿತು. "ನನಗಲ್ಲ, ನಮ್ಮ ಮನೆಯವಳು ಐದು ದಿನ ಹಿಂದಕ್ಕೆ ತಿರುಗಿ ನೋಡದಂಗೆ ಇರ್ಲಿ ಅಂತ... ಅಂದ್ರು. ಆಮೇಲೆ ಕನ್ನಡಕ ತೆಗೆದು ಒರೆಸ್ತಾ ನಿಂತರು. ನಾನು ಗೋಡೆ ಕಡೆ ನೋಡಿದೆ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಂಟು ಬೆರಳು ಕುರ್ಚಿಗೆ ಮೆತ್ತಿಕೊಂಡಿತು.

ಅವನ ಅಂಗಡಿ ಮೂರು ಬೀದಿಯಾಚೆ. ಅವಳು ನಡೆದಳೋ ಓಡಿದಳೋ ಅವಳಿಗೇ ತಿಳಿಯದು. ಒಳಗೆ ಒಬ್ಬ ಮುದುಕ ಪರೀಕ್ಷೆಯ ಚೌಕಟ್ಟು ಮೂಗಿಗೇರಿಸಿ ಪತ್ರಿಕೆ ಓದುತ್ತಿದ್ದ.

"ಸ್ಪಷ್ಟ ಕಾಣ್ತಿದೆಯಾ ತಾತಾ?"

"ಅಕ್ಷರ ಸ್ಪಷ್ಟ ಇದೆಯಪ್ಪಾ. ಸುದ್ದಿನೇ ಮಬ್ಬು," ಎಂದು ಮುದುಕ ಚೌಕಟ್ಟು ಕಳಚಿಟ್ಟು, ಕೋಲು ಹುಡುಕಿಕೊಂಡು ಎದ್ದುಹೋದ.

ಖಾಲಿಯಾದ ಕುರ್ಚಿಯಲ್ಲಿ ಅವಳು ಕೂತಳು. ಹದಿಮೂರು ವರ್ಷದ ಹಿಂದಿನ ಅದೇ ಕುರ್ಚಿ.

"ಈ ಹೊತ್ತಲ್ಲಿ ನೀನು... ಏನಾಯ್ತು?"

"ಹದಿನೇಳು ಹೋಟೆಲು," ಎಂದಳು.

ಅವನ ಕೈ ಕನ್ನಡಕದ ಕಡೆ ಹೋಯಿತು. ಅವಳು ತಡೆದಳು. "ಒರೆಸಬೇಡಿ. ಹೇಳಿ."

ಅವನು ಕೈ ಕೆಳಗಿಳಿಸಿದ. "ಹೋದ ತಿಂಗಳು ಬಸ್ಸಲ್ಲಿ... ಹಿಂದಿನ ಸೀಟಿಂದ ಯಾವುದೋ ಮಗು ಅತ್ತೆ ಅಂತು. ನೀನು ಎದ್ದು ನಿಂತುಬಿಟ್ಟೆ. ಓಡೋ ಬಸ್ಸಲ್ಲಿ! ಆಮೇಲೆ ಚೀಲ ಸರಿಮಾಡ್ಕೊಳ್ಳೋಳ ಥರ ನಟಿಸಿ ಕೂತೆ. ನಾನು ಕಿಟಕಿಯಾಚೆ ನೋಡ್ತಿದ್ದೆ ಅಂದ್ಕೊಂಡೆ ನೀನು. ಗಾಜಲ್ಲಿ ನಿನ್ನ ಮುಖವೇ ಕಾಣ್ತಿತ್ತು."

ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಮತ್ತೆ ಮಂಚ...?"

"ಎರಡನೇ ದಿನವೇ ತಂಗಿ ಅಂಗಡಿಗೆ ಫೋನ್ ಮಾಡಿದ್ಲು. ಚಿಟಿಕೆ ಮಲಗ್ತಿಲ್ಲ, ಅದೇ ಮಂಚ ಬೇಕಂತೆ ಅಂತ. ಬಿಚ್ಚಿ ಕಳಿಸ್ದೆ. ಅವಳು ಅಳ್ತಿದಾಳೆ ಅಂತ ನಿನಗೆ ಹೇಳಿದ್ರೆ ನೀನು ಚಪ್ಪಲಿನೂ ಮೆಟ್ಟದೆ ಹೊರಟುಬಿಡ್ತಿದ್ದೆ."

"ಹೊರಡ್ತಿದ್ದೆ..." ಎಂದಳು. "ಮಲಗಿದ್ಲಾ ಆಮೇಲೆ?"

"ಮಲಗಿದ್ಲಂತೆ."

ಅವನು ಮೇಜಿನ ಸೆಳೆಖಾನೆ ಎಳೆದ. ಕನ್ನಡಕದ ತಿರುಪುಗಳು, ಸಾಸಿವೆಗಿಂತ ಸಣ್ಣವು. ಅವುಗಳ ನಡುವೆ ಹೆಬ್ಬೆರಳ ಗಾತ್ರದ ಒಂದೇ ಒಂದು ತಿರುಪು.

"ಮಂಚದ್ದು. ಬಿಚ್ಚೋವಾಗ ನನ್ನ ಜೇಬಲ್ಲೇ ಉಳ್ಕೊಂಡ್ತು. ತಂಗಿ ಬೇರೆ ಹಾಕಿಸ್ಕೊಂಡ್ಲು, ಇದನ್ನೇನೂ ಕೇಳಲಿಲ್ಲ. ಆದ್ರೂ ಕಳಿಸಬೇಕಿತ್ತು..." ಅವನು ನಿಲ್ಲಿಸಿದ. "ಕಳಿಸೋಕೆ ಆಗಲಿಲ್ಲ ಕಣೇ."

ಕನ್ನಡಕದ ಹಿಂದೆ ಅವನ ಕಣ್ಣು ತುಂಬಿ ಬಂತು. ಎರಡು ತಿಂಗಳಿಂದ ಒಂದೇ ಮನೆಯ ಎರಡು ಕೋಣೆಗಳಲ್ಲಿ, ಒಬ್ಬರಿಗೊಬ್ಬರು ಗೊತ್ತಾಗದಂತೆ, ಒಂದೇ ಅಳುವನ್ನು ಇಬ್ಬರೂ ಅತ್ತಿದ್ದರು!

ಅವಳು ಚೀಲದಿಂದ ಕಾಗದ ತೆಗೆದು ತಿರುಪಿನ ಪಕ್ಕದಲ್ಲಿಟ್ಟಳು. ಅವನು ಓದಿದ. ಜಗತ್ತಿಗೆಲ್ಲ ಕಣ್ಣು ಕೊಡುವವನು ಅದನ್ನು ಎರಡೆರಡು ಸಲ ಓದಿದ.

"ನಾಳೆ ಸಂಜೆಯೊಳಗೆ ಕೊಡಬೇಕು," ಎಂದಳು.

"ಒಪ್ಪಿಗೆನಾ..." ಜೋಡಿಯ ಇನ್ನೊಂದು ತುದಿ ಅವನ ಬಾಯಿಂದ ಹೊರಡಲಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ಉತ್ತರದ ಭಯ ಹತ್ತಿತ್ತು.

ಹರಿದುಹಾಕುವುದು ಅವಳ ಕೈಗೆ ಗೊತ್ತಿಲ್ಲದ ಕೆಲಸ. ಅವನ ಜೇಬಿನಿಂದಲೇ ಪೆನ್ನು ತೆಗೆದುಕೊಂಡು 'ಒಪ್ಪಿಗೆ ಇಲ್ಲ' ಎಂಬ ಚೌಕದಲ್ಲಿ ದಪ್ಪಗೆ ಗುರುತು ಹಾಕಿ, ಸಹಿ ಮಾಡಿ, ಮಡಿಸಿದಳು.

"ಮೂರಲ್ಲಿ ಎರಡು ತಿಂಗಳು ಕಳೆದಿದೆ. ಇನ್ನೊಂದು ತಿಂಗಳು ಕಾಯೋದು ನನಗೆ ಬರುತ್ತೆ. ಆದ್ರೆ ಮಕ್ಕಳಿಲ್ಲದ ಜಾಗ ನನಗೆ ಬೇಡ. ನಾನು ತಿರುಗಿ ನೋಡಬೇಕು. ನೀವೂ ನನ್ನ ಜೊತೆ ತಿರುಗಿ. ಒಬ್ಬಳೇ ತಿರುಗಿದ್ರೆ ಹುಚ್ಚು ಅಂತಾರೆ..."

"ಇಬ್ಬರೂ ತಿರುಗಿದ್ರೆ ಇಬ್ಬರಿಗೂ ಹುಚ್ಚು ಅಂತಾರೆ."

"ಅನ್ಲಿ ಬಿಡಿ!"

ಅವಳು ಅಳುತ್ತಲೇ ನಕ್ಕಳು. ಅವನು ಬಾಗಿಲಿಗೆ ಹೋಗಿ 'ಮುಚ್ಚಿದೆ' ಎಂಬ ಹಲಗೆ ತಿರುಗಿಸಿದ.

ಪ್ರವಾಸದ ಕಚೇರಿಯ ಹೆಂಗಸು ಇಬ್ಬರನ್ನೂ ಒಟ್ಟಿಗೆ ಕಂಡು, ಏನೂ ಆಗದವಳಂತೆ ಹೊಸ ಫಾರಂ ತೆಗೆದಳು.

"ಶಾಲೆ ಗಂಟೆ ಕೇಳಿಸೋ ರೂಮು ಬೇಕು," ಎಂದಳು ಅವಳು.

"ಕೇಳಿಸೋದಾ? ಬೆಳಿಗ್ಗೆ ಕೇಳಿಸಬಾರದು, ಮಧ್ಯಾಹ್ನ ಕೇಳಿಸಬೇಕು... ಚೆನ್ನಾಗಿದೆ ನಿಮ್ಮ ಸಂಸಾರ!" ಹೆಂಗಸು ಕಡತ ತಿರುವಿದಳು. "ಇದೆ ಒಂದು. ಸಮುದ್ರದ ಪಕ್ಕ. ಒಂದು ಗೋಡೆಯಾಚೆ ಸಮುದ್ರ, ಇನ್ನೊಂದು ಗೋಡೆಯಾಚೆ ಪ್ರಾಥಮಿಕ ಶಾಲೆ. ಬಿಡುವಿನ ಗಂಟೆ ಹೊಡೆದ್ರೆ ಅಲೆ ಶಬ್ದವೂ ಕೇಳಿಸಲ್ವಂತೆ. ಒಬ್ಬ ಗಿರಾಕಿಯೂ ಒಪ್ಪಿಲ್ಲ."

"ನಾವು ಒಪ್ಪಿದ್ವಿ," ಎಂದರು ಇಬ್ಬರೂ.

"ದೊಡ್ಡವರು ಇಬ್ಬರು," ಹೆಂಗಸು ಬರೆದುಕೊಂಡಳು. ಮುಂದಿನ ಸಾಲಿಗೆ ಬಂದು ಪೆನ್ನು ತಡೆಯಿತು. ಕೇಳಲೋ ಬಿಡಲೋ ಎನ್ನುವಂತೆ ತಲೆಯೆತ್ತಿದಳು. "ಮಕ್ಕಳು...?"

ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ಒಬ್ಬಳು. ಈ ಸಲ ಬರ್ತಿಲ್ಲ."

ಮೇಜಿನ ಕೆಳಗೆ ಅವಳ ಕೈ ಅವನ ಕೈಯನ್ನು ಹುಡುಕಿ ಹಿಡಿಯಿತು.

"ನಮ್ಮ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ," ಎಂದಳು ಹೆಂಗಸು. ಎಂದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಯೇ ಬರೆದುಕೊಂಡಳು. "ಬಸ್ಸಲ್ಲಿ ಸೀಟು ಹೇಳಿ."

ಅವನು ಹೆಂಡತಿಯ ಕಡೆ ತಿರುಗಿದ. "ಕಿಟಕಿ ಪಕ್ಕಾನಾ... ಈಚೆ ಕಡೆಯದಾ?"

ಅವಳು ಅವನನ್ನು ನೋಡಿದಳು. ಒರೆಸದ ಕನ್ನಡಕ, ಅದರ ಹಿಂದೆ ಎರಡು ತಿಂಗಳ ನಿದ್ದೆಗೆಟ್ಟ ಕಣ್ಣು. ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು!

"ಎರಡೂ ಒಂದೇ," ಎಂದಳು.