‘ಹ’ ಬಿಟ್ಟ ಹೆಸರು

“ಇನ್ಮೇಲೆ ಈ ಹೆಸರಲ್ಲಿ ಒಂದು ಹಪ್ಪಳನೂ ಮನೆಯಿಂದ ಆಚೆ ಹೋಗ್ಕೂಡ್ದು!”

ಭಾವ ನಿರಂಜನ್ ವಕೀಲರ ನೋಟಿಸನ್ನು ಎಸೆದ ರಭಸಕ್ಕೆ, ಮಹಡಿಯಲ್ಲಿ ಪಂಚೆ ಹಾಸಿ ಒಣಗಿಸಿದ್ದ ಹಪ್ಪಳಗಳು ಚದುರಿದವು. ನಾಗಲಕ್ಷ್ಮಿ ಬಗ್ಗಿ ಒಂದೊಂದನ್ನೇ ಎತ್ತಿಟ್ಟಳು. ಗಂಡ ಶಿವಪ್ಪ ತೀರಿಕೊಂಡ ವರ್ಷ ಅತ್ತೆ ಸೊಸೆ ಸೇರಿ ಇದೇ ಮಹಡಿಯಲ್ಲಿ ಶುರುಮಾಡಿದ ಕೆಲಸ. ಆರು ವರ್ಷದಲ್ಲಿ, ವಿಮಾನ ನಿಲ್ದಾಣದ ರಸ್ತೆಯ ತಮ್ಮೂರು ಹುಣಸಮಾರನಹಳ್ಳಿಯಿಂದ ಹೆಬ್ಬಾಳದವರೆಗೆ ಅಂಗಡಿಯವರು ಹೆಸರು ಹಿಡಿದು ಕೇಳುವಂತಾಗಿತ್ತು. ಮಗಳ ಶಾಲೆ, ಮನೆಯ ಅನ್ನ... ಎಲ್ಲವೂ ಆ ಹೆಸರಿನ ಮೇಲೆಯೇ ನಿಂತಿತ್ತು.

“ಅಮ್ಮನ ಹೆಸರು, ನಾನು ಮಗ. ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದೀನಿ. ಯಲಹಂಕದಲ್ಲಿ ಫ್ಯಾಕ್ಟರಿ ತೆಗೀತೀನಿ, ಬೇಕಾದ್ರೆ ಕೂಲಿಗೆ ಬಾ. ಏಳನೇ ಕ್ಲಾಸಿಗೇ ಬಿಟ್ಟೋಳು... ಪ್ಯಾಕೆಟ್ ಮೇಲೆ ಹೆಸರು ಸರಿಯಾಗಿ ಬರೆಯೋಕೂ ಬರ್ಲಿಲ್ಲ ನಿಂಗೆ!”

ಅದು ನಿಜವೇ. ಅತ್ತೆಯ ಹೆಸರು ಹೂವಮ್ಮ. ಆದರೆ ಊರಿನ ನಾಲಿಗೆಗೆ ‘ಹ’ ಹತ್ತುವುದಿಲ್ಲ. ಕಿವಿಗೆ ಬಿದ್ದಂತೆ ನಾಗಲಕ್ಷ್ಮಿ ಚೀಟಿಯಲ್ಲಿ ‘ಊವಮ್ಮ’ ಎಂದು ಬರೆದುಕೊಟ್ಟಿದ್ದಳು. ಪ್ರೆಸ್ಸಿನ ಜೀಷಾನ್ ಎರಡು ಸಾವಿರ ಲೇಬಲ್ ಅಚ್ಚು ಹಾಕಿದ ಮೇಲೆ ತಪ್ಪು ಗೊತ್ತಾಯಿತು. ಎಸೆಯಲು ಮನಸ್ಸಾಗದೆ ಅದನ್ನೇ ಅಂಟಿಸಿದರು. ಅಂದಿನಿಂದ ಅದೇ ಹೆಸರು, ಅದೇ ನಾಚಿಕೆ.

ಮೆಟ್ಟಿಲ ಬಳಿ ಕುಳಿತಿದ್ದ ಅತ್ತೆ ಎದ್ದು ಮಗನಿಗೆ ಕಾಫಿ ತರಲು ಕೆಳಗಿಳಿದರು. ಎಷ್ಟಾದರೂ ಮಗ ಮಗನೇ... ಎಂದುಕೊಂಡಳು ನಾಗಲಕ್ಷ್ಮಿ.

ಮರುದಿನ ಅವಳು ಬ್ಯಾಟರಾಯನಪುರದ ವಕೀಲೆ ನಯನಾ ಮುಂದೆ ಕುಳಿತಿದ್ದಳು. ತಿಂಗಳು ತಿಂಗಳೂ ಹಪ್ಪಳ ಕೊಳ್ಳುವಾಕೆ. ನೋಟಿಸು ಓದಿ, ಕಂಪ್ಯೂಟರಿನಲ್ಲಿ ನಿರಂಜನನ ಅರ್ಜಿ ತೆಗೆದು ನೋಡಿದ ನಯನಾ ನಕ್ಕೇಬಿಟ್ಟಳು!

“ಅಳ್ಬೇಡಿ. ಅರ್ಜಿ ಹಾಕಿದ ಮಾತ್ರಕ್ಕೆ ಹೆಸರು ಅವ್ರದ್ದಾಗಲ್ಲ. ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟ ಆದ್ಮೇಲೆ ನಾಲ್ಕು ತಿಂಗಳೊಳಗೆ ನಾವು ಆಕ್ಷೇಪಣೆ ಹಾಕ್ಬಹುದು. ಮೊದಲು ಬಳಸಿದೋರು ಯಾರು ಅನ್ನೋದೇ ಮುಖ್ಯ. ನಿಮ್ಮ ಭಾವ ಜಾಣತನ ಮಾಡಿ ತಪ್ಪು ತಿದ್ದಿದಾರೆ! ‘ಹೂವಮ್ಮ’ ಅಂತ ಆರು ವರ್ಷದಿಂದ ತಾನೇ ಮಾರ್ತಿದೀನಿ ಅಂದಿದಾರೆ. ಆ ‘ಹ’ ಇರೋ ಪ್ಯಾಕೆಟ್ ಒಂದಾದ್ರೂ ಎಲ್ಲಾದ್ರೂ ಇದ್ಯಾ?”

ಇರಲಿಲ್ಲ. ಜೀಷಾನ್ ಹಳೆಯ ಬಿಲ್ಲಿಗೆ ಪಿನ್ ಹೊಡೆದಿಟ್ಟಿದ್ದ ಅವಳದೇ ಚೀಟಿಯನ್ನು ಹುಡುಕಿಕೊಟ್ಟ. ಆಕ್ಷೇಪಣೆ ಹೋಯಿತು. ಜೊತೆಗೆ ‘ಊವಮ್ಮ’ ಹೆಸರಿಗೆ ಅವಳದೇ ಅರ್ಜಿ. ಬದುಕಿರುವವರ ಹೆಸರಾದ್ದರಿಂದ ಅತ್ತೆಯ ಒಪ್ಪಿಗೆ ಪತ್ರವೂ ಬೇಕೆಂದಳು ನಯನಾ. ಅದನ್ನು ಕೇಳಲು ನಾಗಲಕ್ಷ್ಮಿಗೆ ಬಾಯೇ ಬರಲಿಲ್ಲ; ಬರೆಸಿ ತಂದ ಪತ್ರ ದೇವರ ಗೂಡಿನಲ್ಲಿ ಅತ್ತೆಯ ಕಣ್ಣೆದುರೇ ಉಳಿಯಿತು. ಅಷ್ಟರಲ್ಲಿ ನಿರಂಜನ್ ತನ್ನ ಪತ್ರ ಹಿಡಿದು ಬಂದೇಬಿಟ್ಟ.

“ಅಮ್ಮಾ, ಇಲ್ಲೊಂದು ಹೆಬ್ಬೆಟ್ಟು ಒತ್ತು. ನಿನ್ನ ಹೆಸರು ಉಳಿಸೋಕೆ ಕಣಮ್ಮ.”

ಹಪ್ಪಳದ ಹಿಟ್ಟು ಕುಟ್ಟುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. “ಏನೈತೆ ಓದ್ಲಾ.”

“ಹೂವಮ್ಮ ಆದ ನಾನು...”

“ಇನ್ನೊಂದ್ ಕಿತ ಓದು.”

“ಹೂವಮ್ಮ...”

“ಅದ್ಯಾವಳ್ಲಾ ಅವ್ಳು? ಅರವತ್ತೆಂಟು ವರ್ಸಾತು, ಒಬ್ರೂ ನನ್ನ ಅಂಗೆ ಕರ್ದಿಲ್ಲ! ನಾನು ಊವಮ್ಮ. ನಿಮ್ಮಪ್ಪ ಕರ್ದಿದ್ದೂ ಅಂಗೇ. ನೀನು ಓದ್ಕೊಂಡೋನು, ನನ್ನೆಸ್ರು ತಿದ್ದಕ್ಕೆ ಬಂದೆ... ಇವ್ಳು ನಾನಿದ್ದಂಗೇ ಬರೆದ್ಲು ಕಣ್ಲಾ!”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಸೊಸೆಯತ್ತ ತಿರುಗಿದರು. “ನಾಗೂ, ನಿನ್ನ ಕಾಗ್ದ ಎಲ್ಲಮ್ಮಿ?”

“ಅತ್ತೇ...!” ಆ ಆರು ವರ್ಷದ ನಾಚಿಕೆಯೆಲ್ಲ ಕಣ್ಣೀರಾಗಿ ಹರಿದುಹೋಯಿತು.

ಎರಡು ವರ್ಷ ಹಿಡಿಯಿತು. ನಿರಂಜನ್ ಒಂದು ಹಳೆಯ ಪ್ಯಾಕೆಟ್ಟನ್ನೂ ತೋರಿಸಲಾಗದೆ ಅವನ ಅರ್ಜಿ ಬಿದ್ದುಹೋಯಿತು. ‘ಊವಮ್ಮ’ ಎಂದು ಅಚ್ಚಾದ ನೋಂದಣಿ ಪತ್ರ ಕಟ್ಟು ಹಾಕಿಸಿಕೊಂಡು ಶಿವಪ್ಪನ ಫೋಟೋದ ಪಕ್ಕ ಗೋಡೆಗೇರಿತು.

ಒಂದು ಬೆಳಿಗ್ಗೆ ಭಾವ ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದ. ತಲೆ ತಗ್ಗಿತ್ತು.

“ಮಗಳ ನಿಶ್ಚಿತಾರ್ಥ... ಐನೂರು ಹಪ್ಪಳ ಬೇಕಿತ್ತು ನಾಗಲಕ್ಷ್ಮಿ.”

“ಯಾವ ಹಪ್ಪಳ ಭಾವ?”

“ಅದೇ... ಊ... ಊವಮ್ಮ...”

ನೆತ್ತಿಯ ಮೇಲೆ ವಿಮಾನವೊಂದು ಮೊರೆಯುತ್ತಾ ಇಳಿಯುತ್ತಿತ್ತು. ಮೂಲೆಯಿಂದ ಅತ್ತೆ ಕೂಗಿದರು:

“ಜೋರಾಗ್ ಏಳ್ಲಾ! ಇಮಾನ ಓಯ್ತಾ ಐತೆ, ಕೇಳ್ಸಕಿಲ್ಲ!”

“ಊವಮ್ಮ!” ಎಂದು ನಿರಂಜನ್ ಕಿರುಚಿದ.

ಮೊದಲು ನಕ್ಕವಳು ನಾಗಲಕ್ಷ್ಮಿ.