ಸಿಂಹದ ಗಡಿಯಾರಕ್ಕೆ ಚಾವಿ

"ಸಿಂಹದ ಮುರದ ಕಾಲಷ್ಟ ಕೂಡಿಸ್ರಿ. ಚಾವಿ ಮಾತ್ರ ಕೊಡಬ್ಯಾಡ್ರಿ," ಎಂದು ಸಾವಿತ್ರೆವ್ವ ಎರಡು ಸಲ ಹೇಳಿದಳು.

೧೯೯೬ರ ಮಾತು. ಬೈಲಹೊಂಗಲಕ್ಕೆ ಹೊಸದಾಗಿ ಬಂದು ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಮಾಂತೇಶ ಅರಿವೆಯ ಗಂಟು ಬಿಚ್ಚಿದ. ಕರೀ ಪೆಟ್ಟಿಗೆಯ ಮೇಲೆ ನಿಂತ ಹಿತ್ತಾಳೆಯ ಸಿಂಹ, ಪೆಟ್ಟಿಗೆಯೊಳಗೆ ಗಡಿಯಾರ. ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ಮಾಡಿದ್ದಂತೆ. ಆಕೆಯ ಮಾವ ಗೋವೆಯ ಹರಾಜಿನಲ್ಲಿ ಹಿಡಿದು ಕಿತ್ತೂರಿಗೆ ತಂದಿದ್ದನಂತೆ. ನಡೆಯುವಾಗ ಟಿಕ್ ಟಿಕ್ಕಿಗೆ ಸಿಂಹದ ಕಣ್ಣು ಅತ್ತಿತ್ತ ಹೊರಳುತ್ತವೆ. ಯಾರೋ ಮಾಟ ಮಾಡಿಸಿದ್ದಾರೆ, ಚಾವಿ ಕೊಟ್ಟವರ ಮನೆಯ ಎಳೆ ಜೀವವನ್ನು ಹಿಡಿದರೆ ಬಿಡದು ಎಂದಳು. ಮುರಿದದ್ದನ್ನು ಮನೆಯಲ್ಲಿ ಇಡಬಾರದು, ಎಸೆಯೋಣವೆಂದರೆ ಸತ್ತ ಮಗನ ನೆನಪು. ಅದಕ್ಕೇ ತಂದಿದ್ದಳು. ಮಾಟಕ್ಕೂ ಒಂದು ಹನಿ ಎಣ್ಣೆ ಬಿಟ್ಟರಾಯಿತು ಎಂದು ಮಾಂತೇಶ ನಕ್ಕ.

ಅವನದೊಂದು ಪಟ್ಟು. ಎಂಟು ದಿನ ಮನೆಯಲ್ಲಿ ನಡೆಸಿ ನೋಡದೆ ಯಾವ ಗಡಿಯಾರವನ್ನೂ ತಿರುಗಿ ಕೊಡುವವನಲ್ಲ. ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಕಾಲು ಬೆಸೆದ, ಚಾವಿ ಕೊಟ್ಟ, ಪಡಸಾಲೆಯ ಗೂಡಿನಲ್ಲಿಟ್ಟ.

ಮೂರನೆಯ ದಿನ ಸಂಜೆ ಕರೆಂಟು ಹೋಯಿತು. ಚಿಮಣಿ ಎಣ್ಣೆಯ ವಾಸನೆಯೊಳಗೆ ಸುಟ್ಟ ಕೂದಲಿನ ನಾತ. ಕತ್ತಲಲ್ಲಿ ಟಿಕ್, ಟಿಕ್. ಆರು ವರ್ಷದ ಗಂಗಾ, ಹೆಂಡತಿ ತೀರಿದ ಮೇಲೆ ಅವನಿಗೆ ಉಳಿದಿದ್ದ ಒಬ್ಬಳೇ ಮಗಳು, ಚಾಪೆಯ ಮೇಲೆ ಕಣ್ಣು ತೆರೆದೇ ಮಲಗಿದ್ದಳು. ಕೂಗಿದ. ಓಗೊಡಲಿಲ್ಲ. ಅವಳ ಕಣ್ಣು ಅತ್ತ ಹೊರಳಿದವು. ಇತ್ತ ಹೊರಳಿದವು. ಸಿಂಹದ ಕಣ್ಣೂ ಹಾಗೇ. ಮಾಂತೇಶ ಹಾರಿ ಗಾಲಿಗೆ ಬೆರಳು ಒತ್ತಿದ. ಟಿಕ್ ನಿಂತಿತು. ಮಗಳ ಉಸಿರೂ ನಿಂತಿತು. ತುಟಿ ನೀಲಿಗಟ್ಟಿತು. ಬೆರಳು ತೆಗೆದ. ಟಿಕ್. ಗಂಗಾ ಉಸಿರೆಳೆದು ಅಪ್ಪಾ ಎಂದಳು.

ಬೆಳಗಿನ ಮೊದಲ ಬಸ್ಸಿಗೆ ಮಗಳನ್ನೂ ನಡೆಯುತ್ತಿದ್ದ ಗಡಿಯಾರವನ್ನೂ ಎತ್ತಿಕೊಂಡು ಕಿತ್ತೂರಿಗೆ ಹೋಗಿ ಸಾವಿತ್ರೆವ್ವನ ಕಾಲು ಹಿಡಿದ. ಆಕೆ ಬೈಯಲಿಲ್ಲ, ಅತ್ತಳು.

"ನಾನೂ ಒಂಬತ್ತ ವರ್ಷ ದಿನಾ ಚಾವಿ ಕೊಟ್ಟೇನಿ, ತಮ್ಮಾ. ಒಂದ ದಿನ ಉಗರಗೋಳಕ್ಕ ಮದುವಿಗಿ ಹೋಗಿದ್ದೆ. ಬರೂದ್ರಾಗ ಅದು ನಿಂತಿತ್ತು."

ಇದಾಗಿ ಹತ್ತು ವರ್ಷ. ಗಡಿಯಾರ ಮಾಂತೇಶನ ಗೂಡಿನಲ್ಲೇ ನಡೆಯುತ್ತಿದೆ. ಗಂಗಾ ಕಾಲೇಜಿಗೆ ಹೋಗುತ್ತಾಳೆ. ಅಪ್ಪನ ಗಡಿಯಾರದ ಹುಚ್ಚಿಗೆ ನಗುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಮಾಂತೇಶ ಒಂದು ರಾತ್ರಿಯೂ ಹೊರಗೆ ಮಲಗಿಲ್ಲ. ಹೆತ್ತ ತಾಯಿ ಯರಗಟ್ಟಿಯಲ್ಲಿ ತೀರಿಕೊಂಡಾಗಲೂ ಮಣ್ಣು ಕೊಟ್ಟು ಸಂಜೆಗೇ ಓಡಿ ಬಂದ. ಪಾಪ, ಅಳುವುದಕ್ಕೂ ಪುರಸೊತ್ತಿರಲಿಲ್ಲ.

ತಿಂಗಳಿಂದ ಚಾವಿ ತಿರುವುವ ಬೆರಳಿಗೆ ತಿಳಿಯುತ್ತಿದೆ, ಒಳಗಿನ ಸ್ಪ್ರಿಂಗು ಬಿರುಕು ಬಿಡುತ್ತಿದೆ. ಊರಿಗೆಲ್ಲ ಸ್ಪ್ರಿಂಗು ಬದಲಿಸಿಕೊಟ್ಟ ಕೈ ಅದು. ಬದಲಿಸಬೇಕೆಂದರೆ ಮೊದಲು ಗಡಿಯಾರ ನಿಲ್ಲಿಸಬೇಕು.